ಕಂಡಕ್ಟರ್ ಚಂದಪ್ಪನ ಗಾಳಿಚಕ್ರ

ಎಲ್ಲದಕ್ಕೂ ಮೂಲ ಒಂದು ಹಲ್ಲಿ. ಬೆಳಗಿನ ಜಾವ ಅದು ಪಂಚಾಯಿತಿ ಬೋರ್‌ವೆಲ್ಲಿನ ಸ್ಟಾರ್ಟರ್ ಡಬ್ಬಿಯೊಳಗೆ ಬೆಚ್ಚಗೆ ಮಲಗಲು ಹೊಕ್ಕಿತು. ಐದೂವರೆಗೆ ವಾಟರ್‌ಮನ್ ಶಿವಪುತ್ರ ಬಂದು ಎಂದಿನಂತೆ ಬಟನ್ ಒತ್ತಿದ. ಡಬ್ಬಿಯೊಳಗೆ ಪಟ್ ಎಂದು ಸದ್ದಾಯಿತು. ಹಲ್ಲಿ ಶಿವನ ಪಾದ ಸೇರಿತು, ಊರಿನ ನಳಗಳೆಲ್ಲ ಒಂದು ಸಲ ಗೊರಗೊರ ಅಂದು ಸುಮ್ಮನಾದವು.

ಹುನಗುಂದದಿಂದ ಇಳಕಲ್‌ಗೆ ಹೋಗುವ ರಸ್ತೆಯ ಬದಿಗಿರುವ ಆ ಊರಲ್ಲಿ ಕೈಪಂಪೇನೋ ಇದೆ. ಆದರೆ ಅದರ ನೀರು ಸವಳು, ಅದರಲ್ಲಿ ಬೇಳೆ ಬೇಯುವುದಿಲ್ಲ, ಚಹಾ ಮಾಡಿದರೆ ಕುಡಿದವನು ಎರಡನೆಯ ಸಲ ಆ ಮನೆಗೆ ಬರುವುದಿಲ್ಲ. ಏಳು ಗಂಟೆಯ ಹೊತ್ತಿಗೆ ಯಾರಿಗೋ ಕಂಡಕ್ಟರ್ ಚಂದಪ್ಪನ ಬಾವಿ ನೆನಪಾಯಿತು. ಊರಾಚೆಯ ಅವನ ಹೊಲದಲ್ಲಿ ಸೀ ನೀರಿನ ಬಾವಿ, ಬಾವಿಯ ಮೇಲೆ ಗಾಳಿಚಕ್ರ. ಹೆಂಗಸರು ಕೊಡ ಹೊತ್ತು ಹೊರಟರು. ಗಂಡಸರು ಪ್ಲಾಸ್ಟಿಕ್ ಕ್ಯಾನುಗಳನ್ನು ಬೈಕಿಗೆ ಕಟ್ಟಿಕೊಂಡರು.

ಚಂದಪ್ಪ ಇಳಕಲ್–ಬಾದಾಮಿ ಬಸ್ಸಿನಲ್ಲಿ ಮೂವತ್ತೊಂದು ವರ್ಷ ಕಂಡಕ್ಟರಾಗಿದ್ದವನು. ದಿನಕ್ಕೆ ಮುನ್ನೂರು ನಾನೂರು ಜನರನ್ನು ಮಾತಾಡಿಸಿದ ಬಾಯಿ ಅದು. ಯಾರ ಮಗಳಿಗೆ ಎಲ್ಲಿ ಗಂಡು ನೋಡಿದ್ದಾರೆ, ಯಾರ ಮಗ್ಗದಲ್ಲಿ ಎಂಥ ಸೀರೆ ಇದೆ, ಬನಶಂಕರಿಗೆ ಯಾರು ಏನು ಹರಕೆ ಹೊತ್ತಿದ್ದಾರೆ, ಎಲ್ಲವೂ ಅವನಿಗೆ ಗೊತ್ತಿತ್ತು. ಹೆಂಡತಿ ಶಿವಗಂಗಾ ತೀರಿಕೊಂಡಾಗಲೂ ಹದಿನೈದನೆಯ ದಿನಕ್ಕೆ ಬಸ್ಸು ಹತ್ತಿದ್ದ, ಬಸ್ಸಿನ ಗದ್ದಲದಲ್ಲಿ ಹೇಗೋ ಬದುಕಿಕೊಂಡ. ಮಕ್ಕಳಿರಲಿಲ್ಲ. ಎರಡು ವರ್ಷದ ಹಿಂದೆ ನಿವೃತ್ತಿಯಾದ. ಹೊಲದಲ್ಲಿ ಎರಡು ಖೋಲಿಯ ಮನೆ ಕಟ್ಟಿಸಿಕೊಂಡು ಬಂದು ಕೂತ ಮೇಲೆ ಅವನಿಗೊಂದು ಸಂಗತಿ ತಿಳಿಯಿತು. ಅಷ್ಟು ವರ್ಷ ಜನ ಮಾತಾಡಿದ್ದು ತನ್ನ ಜೊತೆಗಲ್ಲ, ಟಿಕೆಟ್ಟಿನ ಜೊತೆಗೆ.

ಒಂದು ಹೆಮ್ಮೆ ಮಾತ್ರ ಅವನ ಬಳಿ ಉಳಿದಿತ್ತು. ಮೂವತ್ತೊಂದು ವರ್ಷದಲ್ಲಿ ಪ್ರಯಾಣಿಕರು ಬಿಟ್ಟುಹೋದ ಒಂದೇ ಒಂದು ಸಾಮಾನನ್ನೂ ಅವನು ವಾಪಸು ಮುಟ್ಟಿಸದೆ ಬಿಟ್ಟಿರಲಿಲ್ಲ. ಛತ್ರಿ, ರೊಟ್ಟಿಗಂಟು, ಒಮ್ಮೆ ಮದುಮಗಳ ಬೆಳ್ಳಿ ಕಾಲ್ಗೆಜ್ಜೆ, ಇನ್ನೊಮ್ಮೆ ಒಂದು ಜೀವಂತ ಕೋಳಿ. ಬಸ್ಸು ನಿಲ್ಲಿಸಿ, ಇಳಿದು, ಹಿಂದೆ ಓಡಿಹೋಗಿ ಕೊಟ್ಟುಬಂದವನು. ಕೇಳುವವರು ಸಿಕ್ಕರೆ ಇದನ್ನು ಇವತ್ತಿಗೂ ಹೇಳುತ್ತಾನೆ. ಸಿಗುವುದು ಕಾಗೆಗಳು, ಅವು ಪೂರ್ತಿ ಕೇಳುವುದಿಲ್ಲ.

ಗಾಳಿಚಕ್ರವನ್ನು ಅವನು ಹಾಕಿಸಿದ್ದು ನೀರಿಗಾಗಿ ಎಂದು ಊರವರು ತಿಳಿದಿದ್ದರು. ನೀರಿಗೆ ಕರೆಂಟಿನ ಮೋಟರು ಚೆನ್ನಾಗಿಯೇ ಇತ್ತು. ಅವನಿಗೆ ಬೇಕಾಗಿದ್ದು ಜನ. ಚಿಕ್ಕಂದಿನಲ್ಲಿ ಬಾವಿಯ ಸುತ್ತ ಯಾವಾಗಲೂ ನಾಲ್ಕು ಮಂದಿ ಇರುತ್ತಿದ್ದುದು ಅವನ ನೆನಪಿನಲ್ಲಿತ್ತು. ಹಗಲೆಲ್ಲ ತಾನಾಗಿ ನೀರು ಬೀಳುತ್ತಿದ್ದರೆ ಹೋಗುವವರು ಬರುವವರು ನಿಂತಾರು, ಕುಡಿದಾರು, ಎರಡು ಮಾತಾಡಿಯಾರು ಎಂದು ಲೆಕ್ಕ ಹಾಕಿದ. ಮೋಟರು ತೆಗೆಸಿದ. ಇಳಕಲ್ಲಿನ ವೆಲ್ಡರ್ ಬಾಬಣ್ಣ ತಗಡಿನ ಬ್ಯಾರಲ್ ಕೊಯ್ದು ಹನ್ನೆರಡು ರೆಕ್ಕೆಯ ಚಕ್ರ ಮಾಡಿ ಕಬ್ಬಿಣದ ಗೋಪುರದ ಮೇಲೆ ಕೂರಿಸಿದ. ಗಾಳಿಗೆ ಚಕ್ರ ತಿರುಗಿದರೆ ಒಂದು ಕಬ್ಬಿಣದ ಸಳಿ ಮೇಲೆ ಕೆಳಗೆ ಆಡಿ ಬಾವಿಯ ನೀರನ್ನು ಎತ್ತುತ್ತದೆ. ನಿಲ್ಲಿಸಬೇಕೆಂದರೆ ಚಕ್ರದ ಬಾಲಕ್ಕೆ ಕಟ್ಟಿದ ತಂತಿಯನ್ನು ಕೆಳಗೆ ಜಗ್ಗಿ ಹಿತ್ತಲಲ್ಲಿರುವ ಕೊಕ್ಕೆಗೆ ಸಿಕ್ಕಿಸಬೇಕು, ಆಗ ಅದು ಗಾಳಿಗೆ ಮುಖ ತಿರುವಿ, ಸಿಟ್ಟಾದ ಅಳಿಯನಂತೆ ನಿಂತುಬಿಡುತ್ತದೆ.

ನಮ್ಮ ಕಡೆ ಕಲ್ಲಿಗೆ ಬರವಿಲ್ಲ. ಪಾಲಿಶ್ ಫ್ಯಾಕ್ಟರಿಯಲ್ಲಿ ಮೂಲೆ ಒಡೆದು ಬಿದ್ದಿದ್ದ ಕೆಂಪು ಗ್ರಾನೈಟಿನ ದೊಡ್ಡ ಹಲಗೆಯೊಂದನ್ನು ತರಿಸಿ ಚಂದಪ್ಪ ಬಾವಿಯ ಬಾಯಿ ಪೂರಾ ಮುಚ್ಚಿಸಿದ. ಎಂಟು ಜನ ಸೇರಿ ಇಟ್ಟ ಕಲ್ಲು, ಪೈಪು ಹೋಗುವಷ್ಟೇ ತೂತು. ಗಾಳಿ ಇಲ್ಲದ ದಿನ ಹಗ್ಗ ಬಿಡಲು ದಾರಿ ಬೇಕಲ್ಲ ಎಂಬುದು ಆ ಎಂಟು ಜನರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ಮೊದಲ ದಿನ ಊರವರೆಲ್ಲ ಬಂದು ಫೋಟೋ ತೆಗೆದುಕೊಂಡರು. ಎರಡನೆಯ ದಿನದಿಂದ ಬಂದದ್ದು ಪಕ್ಕದ ಹೊಲದ ಅಮಸಿದ್ದಪ್ಪನ ಎಮ್ಮೆ ಒಂದೇ.

ಹೀಗಿರುವಾಗ ಆ ಬೆಳಿಗ್ಗೆ ನಲವತ್ತು ಕೊಡಗಳು ಏಕಕಾಲಕ್ಕೆ ಅವನ ಅಂಗಳಕ್ಕೆ ಬಂದವು, ಸ್ಟಾರ್ಟರ್ ಡಬ್ಬಿಯಲ್ಲಿ ಸತ್ತ ಹಲ್ಲಿಯ ಸುದ್ದಿಯೂ ಅವುಗಳ ಜೊತೆಗೇ ಬಂತು. ಚಂದಪ್ಪ ಹಲ್ಲುಜ್ಜುತ್ತಿದ್ದವನು ಬ್ರಷ್ಷು ಬಾಯಲ್ಲಿಟ್ಟುಕೊಂಡೇ ಒಳಗೆ ಹೋಗಿ ಅಂಗಿ ಬದಲಿಸಿ ಬಂದ. ಗಾಳಿ ಮಾತ್ರ ಸುತರಾಂ ಇರಲಿಲ್ಲ. ಹಸ್ತದ ಮಳೆ ಮುಗಿದು ಬಿಸಿಲು ಕಾಯುವ ದಿನಗಳು, ಬೇವಿನ ಒಂದೆಲೆಯೂ ಅಲುಗುತ್ತಿರಲಿಲ್ಲ.

"ಗಾಳಿ ಬರೂತನಾ ಕುಂದರ್ರಿ," ಅಂದ ಚಂದಪ್ಪ. ಕುಂದರ್ರಿ ಎಂದು ಅವನು ಯಾರಿಗಾದರೂ ಹೇಳಿ ಎರಡು ವರ್ಷವಾಗಿತ್ತು.

ಆಮೇಲೆ ಅವನನ್ನು ಹಿಡಿಯುವವರಿಲ್ಲ. ಸುಣ್ಣದಿಂದ ಕೊಡಗಳ ಮೇಲೆ ನಂಬರು ಬರೆದ. ಬೇವಿನ ನೆರಳಲ್ಲಿ ತಾಡಪತ್ರಿ ಹಾಸಿ, ಹಿಂದಿನವರನ್ನು ಮುಂದೆ ಸರಿಸಿ, ಬಾಣಂತಿಗೆ ಗೋಡೆಯ ಆಸರೆ ಕೊಟ್ಟು, ಮುದುಕಿ ಬಸಲಿಂಗವ್ವನಿಗೆ ತನ್ನ ಒಂದೇ ಕುರ್ಚಿ ತಂದಿಟ್ಟ. ಮನೆಯಲ್ಲಿದ್ದ ಎರಡು ಕೊಡ ನೀರಿನಲ್ಲಿ ಒಂದನ್ನು ಚಹಾಕ್ಕೆ ಸುರಿದ. ಕಾಲ್ಗೆಜ್ಜೆಯ ಕತೆ ಹೇಳಿದ. ಜನ ಕೇಳಿದರು, ಬೇರೆ ದಾರಿಯೂ ಇರಲಿಲ್ಲ. ಕೋಳಿಯ ಕತೆಗೆ ಹಜರತಬಿ ಸೆರಗು ಬಾಯಿಗಿಟ್ಟು ನಕ್ಕಳು. ಅವಳು ಇಳಕಲ್ ಪೇಟೆಯಲ್ಲಿ ಬಳೆ ಮಾರುವವಳು, ಸುಲಭಕ್ಕೆ ನಗುವವಳಲ್ಲ.

ಅಮಸಿದ್ದಪ್ಪನಿಗೆ ಸುಮ್ಮನೆ ಕೂತು ರೂಢಿಯಿಲ್ಲ. ಚಕ್ರದ ಅಚ್ಚು ಒಣಗಿದೆ ಎಂದ. ಕುಸುಬಿ ಎಣ್ಣೆ ಹಾಕಬೇಕು ಎಂದ. ಕಡೆಗೆ ತಾನೇ ಎಣ್ಣೆ ಬಾಟಲಿ ಸೊಂಟಕ್ಕೆ ಸಿಕ್ಕಿಸಿಕೊಂಡು ಗೋಪುರ ಹತ್ತಿದ. ಅರ್ಧಕ್ಕೆ ಹೋಗಿ ಕೆಳಗೆ ನೋಡಿದ, ಕಂಬ ತಬ್ಬಿಕೊಂಡ. ಅವನನ್ನು ಇಳಿಸುವುದಕ್ಕೆ ಅರ್ಧ ತಾಸು ಹಿಡಿಯಿತು. ಎಣ್ಣೆಯೆಲ್ಲ ಅವನ ಧೋತರಕ್ಕೇ ಆಯಿತು. ಇಳಿದ ಮೇಲೆ, ಮೇಲೆ ಎಲ್ಲಾ ಬರೋಬ್ಬರಿ ಐತಿ ಎಂದು ವರದಿ ಕೊಟ್ಟ.

ಹನ್ನೊಂದರ ಸುಮಾರಿಗೆ ಚಂದಪ್ಪ ಚಹಾದ ಒಲೆಗೆ ಕಟ್ಟಿಗೆ ತರಲು ಹಿತ್ತಲಿಗೆ ಬಂದವನು ತಲೆ ಎತ್ತಿದ. ಚಕ್ರದ ಬಾಲ ಮೆಲ್ಲಗೆ ಹೊರಳಿತು. ರೆಕ್ಕೆ ಒಂದು ಸುತ್ತು ತಿರುಗಿತು, ಇನ್ನೊಂದು ಸುತ್ತು. ಪೈಪಿನೊಳಗೆ ನೀರು ಗುಳುಕ್ ಎಂದಿತು.

ಈ ಘಳಿಗೆಗಾಗಿ ಅವನು ತಿಂಗಳುಗಟ್ಟಲೆ ಕಾದಿದ್ದ. ಬಾಗಿಲ ಆಚೆಯಿಂದ ಮಾತಿನ ಕಲಕಲ ಕೇಳುತ್ತಿತ್ತು, ಯಾರೋ ಚಂದಪ್ಪಣ್ಣ ಎಲ್ಲಿ ಹ್ವಾದ ಎಂದು ಕೇಳುತ್ತಿದ್ದರು. ಒಂದು ಕೊಡಕ್ಕೆ ಒಂದು ನಿಮಿಷ, ನಲವತ್ತು ಕೊಡಕ್ಕೆ ನಲವತ್ತು ನಿಮಿಷ. ಆಮೇಲೆ ಮತ್ತೆ ಆ ಎಮ್ಮೆ ಮತ್ತು ತಾನು. ಅವನ ಕೈ ತಾನಾಗಿ ತಂತಿಯ ಕಡೆಗೆ ಹೋಯಿತು. ಜಗ್ಗಿತು. ಕೊಕ್ಕೆಗೆ ಸಿಕ್ಕಿಸಿತು. ಚಕ್ರ ಮುಖ ತಿರುವಿ ನಿಂತಿತು. ಸುತ್ತ ನೋಡಿದ, ಯಾರೂ ಇರಲಿಲ್ಲ. ಹಿತ್ತಲ ಗೋಡೆಯ ಮೇಲೆ ಒಂದು ಹಲ್ಲಿ ಮಾತ್ರ ಇತ್ತು.

ತಪ್ಪು ಮಾಡಿದವನಿಗೆ ದೇವರು ತಕ್ಷಣ ಗಾಳಿ ಕೊಡುತ್ತಾನೆ. ಅರ್ಧ ತಾಸಿನಲ್ಲಿ ಬೇವು ತೂಗಾಡಿತು, ಸೆರಗುಗಳು ಹಾರಿದವು, ಅಮಸಿದ್ದಪ್ಪನ ಟೋಪಿ ಎರಡು ಸಲ ಹೊಲಕ್ಕೆ ಹೋಗಿ ಬಂತು. ಜನ ಒಮ್ಮೆ ಚಕ್ರ ನೋಡುವರು, ಒಮ್ಮೆ ಚಂದಪ್ಪನನ್ನು ನೋಡುವರು.

"ಇದು ಕೆಳಗಿನ ಗಾಳಿರಿ," ಅಂದ ಚಂದಪ್ಪ. "ಚಕ್ರಕ್ಕ ಮ್ಯಾಲಿನ ಗಾಳಿ ಬೇಕು."

ಅವನ ಪುಣ್ಯಕ್ಕೆ ಅಮಸಿದ್ದಪ್ಪ ಕೂಡಲೇ ಅದನ್ನು ಎತ್ತಿಕೊಂಡ. ಅರ್ಧ ಗೋಪುರ ಹತ್ತಿ ಬಂದವನ ಮಾತಿಗೆ ತೂಕವಿತ್ತು. ಮೇಲಿನ ಗಾಳಿಗೂ ಕೆಳಗಿನ ಗಾಳಿಗೂ ಇರುವ ಭೇದವನ್ನು ಅವನು ಇಪ್ಪತ್ತು ನಿಮಿಷ ವಿವರಿಸಿದ. ಹಜರತಬಿ ಸೆರಗಿನಲ್ಲಿ ನಗು ಅದುಮಿಕೊಂಡು, ಚಕ್ರ ಮಾಡಿದ ಬಾಬಣ್ಣನಿಗೇ ಫೋನ್ ಹಚ್ಚಿ ಸ್ಪೀಕರ್ ಇಟ್ಟಳು.

"ತಂತಿ ಬಿಟ್ಟೀರಿಲ್ರಿ?" ಎಂದಿತು ಫೋನು.

ಚಂದಪ್ಪ ಫೋನು ಕಸಿದುಕೊಂಡು, ಹೌದು ಹೌದು, ಇಲ್ಲಿ ರೇಂಜ್ ಇಲ್ಲ ಎಂದು ಕಟ್ ಮಾಡಿದ.

ಹನ್ನೆರಡಕ್ಕೆ ಹೆಂಗಸರ ಫೋನುಗಳು ಒಂದಾದ ಮೇಲೊಂದು ಟಿಣ್ ಎಂದವು. ಒಬ್ಬೊಬ್ಬರೇ ನೋಡಿದರು, ತಾಡಪತ್ರಿಯ ಮೇಲೆ ಬೋರಲು ಹಾಕಿದರು. ಯಾರದೋ ದೇವರ ಫೋಟೋ ಇರಬೇಕೆಂದು ಚಂದಪ್ಪ ತಿಳಿದ. ಬೈಕಿನವರು ಕೆಲವರು ಖಾಲಿ ಕ್ಯಾನು ಕಟ್ಟಿಕೊಂಡು ಹೊರಟುಹೋದರು. ಹೆಂಗಸರು ಮಾತ್ರ ಏಳಲಿಲ್ಲ. ಅವರವರ ಮನೆಯಿಂದ ರೊಟ್ಟಿ, ಶೇಂಗಾ ಹಿಂಡಿ, ಬದನೆಕಾಯಿ ಪಲ್ಯ ಬಂದವು. ಉಂಡರು. ಬಸಲಿಂಗವ್ವ ತಾನೇ ಎದ್ದು ಚಂದಪ್ಪನ ತಾಟಿಗೆ ಎರಡನೆಯ ರೊಟ್ಟಿ ಹಾಕಿದಳು. ಶಿವಗಂಗಾ ಹೋದ ಮೇಲೆ ಅವನ ತಾಟಿಗೆ ಬೇರೆಯವರ ಕೈ ಬಂದದ್ದು ಅದೇ ಮೊದಲು. ಅವನು ತಲೆ ಬಗ್ಗಿಸಿ ಉಂಡ.

ಊಟದ ಮೇಲೆ ನೀರು. ಮನೆಯ ಎರಡನೆಯ ಕೊಡವೂ ತಳ ಕಂಡಿತು. ಕೊನೆಯ ತಂಬಿಗೆಯನ್ನು ಬಸಲಿಂಗವ್ವನಿಗೆ ಕೊಟ್ಟ. ಅವಳು ಅರ್ಧ ಕುಡಿದು ಉಳಿದದ್ದನ್ನು ಅವನ ಮುಂದಿಟ್ಟಳು.

"ನೀ ಮುಂಜಾನಿಂದ ಕುಡದಿಲ್ಲ," ಅಂದಳು.

ಆ ಅರ್ಧ ತಂಬಿಗೆಯನ್ನು ಅವನು ಮುಟ್ಟಲಿಲ್ಲ. ಸೀ ನೀರಿನ ಬಾವಿ ಇಟ್ಟುಕೊಂಡು, ಮುದುಕಿಯ ಎಂಜಲು ನೀರು ಕುಡಿಯುವ ಹಾಗೆ ಮಾಡಿಕೊಂಡೆನಲ್ಲ ಎಂದು ನಾಚಿಕೆಯಾಯಿತು. ನಾಲ್ಕು ಗಂಟೆಗೆ ಸದ್ದಿಲ್ಲದೆ ಹಿತ್ತಲಿಗೆ ಹೋಗಿ ತಂತಿ ಬಿಚ್ಚಿದ.

ಚಕ್ರ ಗರಗರ ತಿರುಗಿತು. ಪೈಪಿನ ಬಾಯಿಗಿಟ್ಟ ಕಲ್ಲಿನ ದೋಣಿಗೆ ಮುಂಗೈ ದಪ್ಪ ನೀರು ಬಿತ್ತು. ಮ್ಯಾಲಿನ ಗಾಳಿ ಬಂತು ನೋಡ್ರಿ ಎಂದ ಅಮಸಿದ್ದಪ್ಪ, ತಾನೇ ಕರೆಸಿದವನಂತೆ. ಆದರೆ ಚಂದಪ್ಪ ಎಣಿಸಿದ್ದ ಸಂಭ್ರಮ ಕಾಣಲಿಲ್ಲ. ಹೆಂಗಸರು ನಿಧಾನವಾಗಿ ಎದ್ದರು, ಸೀರೆ ಕೊಡವಿಕೊಂಡರು, ನಂಬರಿನ ಪ್ರಕಾರ ತುಂಬಿಕೊಂಡರು. ಬರ್ತೀವ್ರಿ ಎಂದು ಒಬ್ಬೊಬ್ಬರೇ ಹೊರಟರು. ನಲವತ್ತು ನಿಮಿಷವೂ ಹಿಡಿಯಲಿಲ್ಲ. ಅಂಗಳದಲ್ಲಿ ತಾಡಪತ್ರಿ, ಚಹಾದ ಲೋಟಗಳು, ಕುರ್ಚಿ ಉಳಿದವು.

ಮತ್ತೆ ಒಂದು ಕೊಡ. ದೋಣಿಯ ಮಗ್ಗುಲಿಗೆ, ನಂಬರು ಹದಿನೇಳು, ಖಾಲಿ. ಬಸಲಿಂಗವ್ವನದು.

ಮೂವತ್ತೊಂದು ವರ್ಷದ ನೌಕರಿ ಅವನ ಕಾಲುಗಳಲ್ಲಿ ಎಚ್ಚರಾಯಿತು. ಕೊಡ ತುಂಬಿ ಹೆಗಲಿಗೇರಿಸಿ ಓಡಿದ. ಅಂಗಿಯೆಲ್ಲ ತೊಯ್ಸಿಕೊಂಡು, ಊರ ಅಗಸಿ ಬಾಗಿಲಿನ ಹತ್ತಿರ ಮುದುಕಿಯನ್ನು ಹಿಡಿದ.

"ಯವ್ವಾ, ಕೊಡಾ ಬಿಟ್ಟು ಬಂದಿರಲ್ಲ," ಎಂದ ಏದುಸಿರಿನಲ್ಲಿ, ಮುಖದ ತುಂಬ ಹೆಮ್ಮೆ ಹೊತ್ತು. "ನನ್ನ ಹಂತ್ಯಾಕ ಯಾರದೂ ಒಂದು ಸಾಮಾನು ಉಳದಿಲ್ಲ."

ಬಸಲಿಂಗವ್ವ ಕೊಡವನ್ನೂ ಅವನನ್ನೂ ನೋಡಿದಳು.

"ನೀರು ಯಾಕ ತುಂಬಿದಿ? ನಮ್ಮ ನಳಕ್ಕ ಹನ್ನೆರಡಕ್ಕ ನೀರು ಬಂದೈತಿ. ಶಿವಪುತ್ರ ನಳ ಇದ್ದವರ ಫೋನಿಗೆಲ್ಲಾ ಸುದ್ದಿ ಹಾಕಿದ್ದ."

ಮತ್ತೆ ನೀವೆಲ್ಲ ನಾಲ್ಕರ ತನಕ ಯಾಕೆ ಕೂತಿರಿ ಎಂದು ಚಂದಪ್ಪ ಕೇಳಿದ.

"ಖಾಲಿ ಕೊಡಾ ಮುಂದ ಇತ್ತು, ಅದಕ್ಕ ಕುಂತಿದ್ವಿ. ನೀರಿಗೆ ಹೋಗೇನಿ ಅಂದ್ರ ಮನ್ಯಾಗ ಯಾರೂ ಕೇಳೂದಿಲ್ಲ. ನಾಕು ಮಂದಿ ಕೂಡಿ ಹಿಂಗ ಕುಂತು ಎಷ್ಟು ದಿನಾತು ಹೇಳು. ಲೋಟ ಇಡಾಕ ಒಳಗ ಹೋದಾಗ, ನೀ ತಂತಿ ಸಿಗಸಿದ್ದನ್ನ ನಾ ಕಿಡಕ್ಯಾಗಿಂದ ನೋಡಿದ್ನಿ. ಹಜರತಬಿನೂ ನೋಡಿದ್ಲು. ಸುಮ್ಮನಿದ್ವಿ." ಮುದುಕಿ ನಿಟ್ಟುಸಿರು ಬಿಟ್ಟಳು. "ಬಿಚ್ಚು ಅಂತ ನಿನಗ ಯಾರು ಹೇಳಿದ್ರು? ನೀರು ಬಂದ ಮ್ಯಾಲ ತುಂಬಿದ ಕೊಡಾ ಇಟಗೊಂಡು ಹೆಂಗ ಕುಂದರಬೇಕು?"

ಚಂದಪ್ಪ ಕೊಡವನ್ನು ಒಂದು ಹೆಗಲಿನಿಂದ ಇನ್ನೊಂದಕ್ಕೆ ಬದಲಿಸಿದ.

"ಹೋಗ್ಲಿ, ಕೊಡಾನರೆ ಬಿಟ್ಟು ಬಂದ್ರ ನಾಳಿ ಒಯ್ಯಾಕ ಬರಬೋದು ಅಂತ ಬೇಕಂತ ಬಿಟ್ಟು ಬಂದಿದ್ನೆಪಾ," ಎಂದಳು ಬಸಲಿಂಗವ್ವ. "ಅದನ್ನೂ ತಂದು ಕೊಟ್ಟಿ."

ಕೊಡ ಇಸಿದುಕೊಂಡು ಸೊಂಟಕ್ಕೇರಿಸಿದಳು. ಸುಮ್ಮನೆ ಬರ್ರಿ, ನೆವ ಯಾಕೆ ಬೇಕು ಎಂದು ಅವನು ಹೇಳಬಹುದಿತ್ತು. ನೀವಾದರೂ ನಾನಾದರೂ ಹಾಗೆ ಹೇಳುತ್ತಿದ್ದೆವೋ ಏನೋ. ಆದರೆ ಎಲ್ಲಿಗೆ ಎಂದು ಹೇಳದೆ ಯಾರೂ ಅವನ ಬಸ್ಸು ಹತ್ತಿದ್ದೇ ಇಲ್ಲ. ಆ ಮಾತು ಅವನ ಬಾಯಿಗೆ ಬರುವಷ್ಟರಲ್ಲಿ ಮುದುಕಿ ಅಗಸಿ ದಾಟಿದ್ದಳು.

ಚಂದಪ್ಪ ಮನೆಗೆ ಬಂದು ಲೋಟ ತೊಳೆದ. ನೀರಿಗೆ ಈಗ ಏನೂ ಕೊರತೆಯಿರಲಿಲ್ಲ. ದೋಣಿ ತುಂಬಿ, ಅಂಗಳ ತುಂಬಿ, ನೀರು ರಸ್ತೆಯ ಕಡೆಗೆ ಹರಿಯುತ್ತಿತ್ತು. ಬಾದಾಮಿಯ ಸಂಜೆ ಬಸ್ಸು ಆ ನೀರನ್ನು ಚಿಮ್ಮಿಸಿಕೊಂಡು ಹೋಯಿತು, ಹೊಸ ಕಂಡಕ್ಟರು ಇತ್ತ ನೋಡಲಿಲ್ಲ. ದೀಪ ಹಾಕಿ ಕುರ್ಚಿಯಲ್ಲಿ ಕೂತ.

"ನಾಳಿ ಯಾರೂ ಬರೂದಿಲ್ಲ," ಅಂದ, ಯಾರಿಗೂ ಅಲ್ಲದ ಹಾಗೆ.

ಗೋಡೆಯ ಮೇಲಿದ್ದ ಹಲ್ಲಿ ಲೊಚ್ ಲೊಚ್ ಎಂದಿತು.

ಹಲ್ಲಿ ನುಡಿದದ್ದು ನಿಜವಾಗುತ್ತದೆ ಎಂದು ನಂಬಿದವನು ಚಂದಪ್ಪ. ರೂಢಿಯಂತೆ ಬಗ್ಗಿ ಬೆರಳಿನ ಗೆಣ್ಣಿನಿಂದ ನೆಲ ಕುಟ್ಟಿದ. ಆಮೇಲೆ ಹಲ್ಲಿಯನ್ನೇ ನೋಡಿದ. ಬೆಳಗಿನಿಂದ ನಡೆದದ್ದೆಲ್ಲ ನೆನಪಿಗೆ ಬಂದಿರಬೇಕು, ಎದ್ದು ಗೋಡೆಯ ಹತ್ತಿರ ಹೋಗಿ, ಮೂವತ್ತೊಂದು ವರ್ಷದ ದನಿಯಲ್ಲಿ ಮರ್ಯಾದೆಯಿಂದ ಕೇಳಿದ:

"ಎಲ್ಲಿಗ್ರಿ? ಪಂಚಾಯ್ತಿ ಸ್ಟಾರ್ಟರ್ ಡಬ್ಬಿಗೇನು? ಟಿಕೇಟ ಬ್ಯಾಡ, ನಾನ ಬಿಟ್ಟು ಬರ್ತೇನಿ."