ತೊಲೆಗೆ ಕಟ್ಟಿದ ಜೇನು ಯಾವ ಸರ್ಕಾರದ್ದು?

ರೈಲು ಸೇತುವೆಯ ತೊಲೆಯಲ್ಲಿ ಬೀಡುಬಿಟ್ಟಿರುವ ರಾಣಿ ಜೇನಿನವರ ಸನ್ನಿಧಿಗೆ,

ಮಾನ್ಯರೇ, ತಮ್ಮ ಅರಮನೆಯ ನೇರ ಕೆಳಗಿರುವ ಹೊಲಿಗೆ ಅಂಗಡಿಯವಳ ಅನಂತ ನಮಸ್ಕಾರಗಳು. ತಾವು ಸಪರಿವಾರ ಕ್ಷೇಮವೆಂಬುದು ನಮ್ಮ ಅತ್ತೆಯವರ ಊದಿದ ಮೂಗು ನೋಡಿದರೇ ತಿಳಿಯುವುದರಿಂದ ಕುಶಲ ವಿಚಾರಿಸುವ ಗೋಜಿಗೆ ಹೋಗುವುದಿಲ್ಲ.

ತಾವು ದಯಮಾಡಿಸಿದಂದಿನಿಂದ ಗಿರಾಕಿಗಳು ಒಳಗೆ ಬರದೆ ರಸ್ತೆಯಾಚೆ ನಿಂತು ತಂತಮ್ಮ ಅಳತೆಯನ್ನು ಕೂಗಿ ಹೇಳುತ್ತಾರೆ. ಹಾಗೆ ಹೊಲಿದ ಬಟ್ಟೆ ಯಾರ ಮೈಗೂ ಹಿಡಿಸದೆ ನಾನು ಅಂಗಡಿ ಮುಚ್ಚುವ ಸ್ಥಿತಿಗೆ ಬಂದಿದ್ದೇನೆ. ದೂರು ಕೊಡಲು ಹೋದರೆ ರೈಲ್ವೆಯವರು, ರೈಲು ಕೇಂದ್ರದ ವಿಷಯ, ತೊಲೆ ನಮ್ಮದೇ, ಆದರೆ ಹುಳು ನಮ್ಮದಲ್ಲ ಎಂದರು. ರಾಜ್ಯದ ರಸ್ತೆ ಇಲಾಖೆಯವರು, ರಸ್ತೆ ನಮ್ಮದೇ, ಆದರೆ ಜೇನು ಅದರ ಮೇಲೆ ನಡೆದಾಡುವುದಿಲ್ಲವಲ್ಲ ಎಂದರು. ಕಾಡುಜೀವಿಗಳ ಬಗ್ಗೆ ಎರಡೂ ಸರ್ಕಾರಗಳು ಕಾನೂನು ಮಾಡಬಹುದಂತೆ, ಆದ್ದರಿಂದ ಎರಡೂ ಪರಸ್ಪರ ಗೌರವದಿಂದ ಸುಮ್ಮನಿವೆ. ಇದನ್ನೆಲ್ಲ ರಸ್ತೆಯಾಚೆಯಿಂದ ವಿವರಿಸಿದ ಸಂವಿಧಾನದ ಮೇಷ್ಟ್ರು, ಸರ್ಕಾರಗಳಿಗೆ ಅಧಿಕಾರ ಹಂಚುವ ಮೂರು ಪಟ್ಟಿಗಳಲ್ಲಿ ಯಾವುದರಲ್ಲೂ ಇಲ್ಲದ್ದು ಕೇಂದ್ರದ ಪಾಲಿಗೆ ಎಂದೂ ಸೇರಿಸಿದರು. ಅತ್ತೆಯವರು “ಹಾಗಾದ್ರೆ ನನ್ನ ಮೂಗು ಯಾವ ಪಟ್ಟೀಲಿದೆ, ಕೇಳಮ್ಮ” ಎಂದಾಗ, ಮೇಷ್ಟ್ರು ಅದನ್ನು ಪರೀಕ್ಷೆಯ ಪ್ರಶ್ನೆಯಾಗಿ ಬರೆದುಕೊಂಡು ಹೋದರು.

ತಮ್ಮ ಆಡಳಿತವನ್ನು ಹೊಗಳದಿರಲಾರೆ. ಗೂಡಿನ ಈ ಮೂಲೆ ತನ್ನ ವ್ಯಾಪ್ತಿಗೆ ಬರುವುದಿಲ್ಲವೆಂದು ಕೈಕಟ್ಟಿ ಕುಳಿತ ಒಂದು ನೊಣವನ್ನೂ ನಾನು ನೋಡಿಲ್ಲ.

ಮೊನ್ನೆ ಜಂಟಿ ಪರಿಶೀಲನೆಗೆ ಬಂದ ಇಬ್ಬರು ಅಧಿಕಾರಿಗಳು ಸೇತುವೆಯ ನೆರಳನ್ನೇ ಗಡಿ ಮಾಡಿಕೊಂಡು, ಕೇಂದ್ರದವರು ನೆರಳಿನಲ್ಲಿ, ರಾಜ್ಯದವರು ಬಿಸಿಲಿನಲ್ಲಿ ನಿಂತರು. ಹೊತ್ತು ಸರಿದಂತೆ ಗಡಿಯೂ ಸರಿಯಿತು, ವಾದವೂ ಬೆಳೆಯಿತು. ಗೂಡು ಯಾರ ಕಡೆಗೆ ಹೆಚ್ಚು ವಾಲಿದೆಯೆಂದು ಕೋಲಿನಿಂದ ಅಳೆಯಲು ಹೋದದ್ದೇ ತಡ, ತಾವು ಭೇದಭಾವವಿಲ್ಲದೆ ಇಬ್ಬರನ್ನೂ ಸತ್ಕರಿಸಿದಿರಿ. ಇಬ್ಬರೂ ನನ್ನ ಅಂಗಡಿಗೆ ನುಗ್ಗಿ, ಅರ್ಧ ಹೊಲಿದ ಒಂದೇ ಪರದೆಯೊಳಗೆ ಅಪ್ಪಿಕೊಂಡು ಕುಳಿತರು. ನನಗಾದ ಸಂತೋಷ ಅಷ್ಟಿಷ್ಟಲ್ಲ.

ಆದುದರಿಂದ ತಾವು ದೊಡ್ಡ ಮನಸ್ಸು ಮಾಡಿ, ಗೂಡಿನ ಸಮೇತ ಎರಡು ಮೊಳ ಆಚೆಗೋ ಈಚೆಗೋ ಸರಿದು, ಯಾವುದಾದರೂ ಒಂದೇ ಸರ್ಕಾರದ ಪ್ರಜೆಯಾಗಬೇಕೆಂದು ಪ್ರಾರ್ಥನೆ.

ಇಂತು, ಎರಡೂ ಸರ್ಕಾರಗಳ ಪ್ರಜೆಯಾಗಿ ಯಾರಿಗೂ ಬೇಡವಾದ,
ತಮ್ಮ ವಿಶ್ವಾಸಿ,
ಹೊಲಿಗೆ ಅಂಗಡಿಯವಳು

ವಿ.ಸೂ.: ಪತ್ರ ಮುಗಿಸುವಷ್ಟರಲ್ಲಿ ಆದೇಶ ಬಂತು. ಪರದೆಯೊಳಗೇ ಇಬ್ಬರೂ ಒಮ್ಮತಕ್ಕೆ ಬಂದಿದ್ದರಂತೆ: ಗೂಡು ಯಾರದೆಂದು ನ್ಯಾಯಾಲಯ ಹೇಳುವವರೆಗೆ ತಮ್ಮನ್ನು ಯಾರೂ ಮುಟ್ಟುವಂತಿಲ್ಲ, ಅಂಗಡಿಯ ಬಗ್ಗೆ ಅಂಥ ವಿವಾದವೇನೂ ಇಲ್ಲದ್ದರಿಂದ ಅದನ್ನು ಕೆಡವಬಹುದು. ಸೋಮವಾರ ಇಬ್ಬರೂ ಒಂದೇ ಜೀಪಿನಲ್ಲಿ ಬರುತ್ತಾರೆ. ಮೇಲಿನ ಪ್ರಾರ್ಥನೆಯನ್ನು ಹಿಂದಕ್ಕೆ ಪಡೆದಿದ್ದೇನೆ. ಅಂದು ತಾವು ಸಪರಿವಾರ ಮನೆಯಲ್ಲೇ ಇರಬೇಕಾಗಿ ವಿನಂತಿ.