ಸಮುದ್ರಕ್ಕೆ ಹೋದ ಕಂಬಳಿ

ಮಲಗುವುದಕ್ಕೆ ಡಾಕ್ಟರೇಟ್ ಕೊಡುವ ವಿಶ್ವವಿದ್ಯಾಲಯ ಎಲ್ಲಾದರೂ ಇದ್ದರೆ, ಅದು ಮೊದಲು ಸೊರಬ ತಾಲ್ಲೂಕಿನ ಹೊಸಬಾಳೆಗೆ ಬಂದು ನನ್ನ ಗೆಳೆಯನ ಮುಂದೆ ಕೈಕಟ್ಟಿ ನಿಲ್ಲಬೇಕು. ನಿಂತರೂ ಪ್ರಯೋಜನವಿಲ್ಲ ಬಿಡಿ, ಅವನು ಏಳುವುದಿಲ್ಲ! ಅವನ ಹೆಸರನ್ನು ಇಲ್ಲಿ ಹೇಳುವುದಿಲ್ಲ. ಹೇಳಿದರೆ ಬೇಜಾರು ಮಾಡಿಕೊಳ್ಳುತ್ತಾನೆ ಅಂತಲ್ಲ; ಬೇಜಾರು ಮಾಡಿಕೊಳ್ಳಬೇಕಾದರೂ ಸ್ವಲ್ಪ ಎದ್ದು ಕೂರಬೇಕಲ್ಲ, ಆ ತೊಂದರೆ ಅವನಿಗೆ ಯಾಕೆ?

ನಾನು ಶಿಕಾರಿಪುರದವನು. ಏಳು ವರ್ಷ ವಿಶ್ವವಿದ್ಯಾಲಯದಲ್ಲಿ ಓದಿ, ಪುರಾವೆ ಇಲ್ಲದೆ ಏನನ್ನೂ ನಂಬಬಾರದು ಎಂಬ ಒಂದೇ ವಿದ್ಯೆ ಕಲಿತು ಬಂದವನು. ಅದರ ಫಲವಾಗಿ ಈಗ ನನ್ನ ನೆನಪಿನ ಮೇಲೇ ನನಗೆ ನಂಬಿಕೆ ಇಲ್ಲ. ಹಲ್ಲುಜ್ಜಿದೆನೋ ಇಲ್ಲವೋ ಎಂದು ಬ್ರಷ್ ಒದ್ದೆಯಿದೆಯಾ ಅಂತ ಮುಟ್ಟಿ ನೋಡುವವನು ನಾನು. ಅವನೋ, ಪಿಯುಸಿ ಮುಗಿಸಿ ಅಣ್ಣನ ಜೊತೆ ಮನೆಯ ಕುರಿಗಳ ಹಿಂದೆ ಹೊರಟವನು. ಯಾವುದಕ್ಕೂ ಪುರಾವೆ ಕೇಳದವನು. ತಲೆ ನೆಲಕ್ಕೆ ತಾಗಿದ ಕೂಡಲೇ ಜಗತ್ತನ್ನು ಮರೆಯಬಲ್ಲವನು. ಹೊಟ್ಟೆಕಿಚ್ಚಾಗದೆ ಇನ್ನೇನಾಗಬೇಕು ಹೇಳಿ?

ಆದರೆ ಒಂದೇ ಒಂದು ವಿಷಯದಲ್ಲಿ ನಾನು ಅವನನ್ನು ಮೀರಿಸಿದ್ದೆ. ನಾಲ್ಕು ವರ್ಷದ ಹಿಂದೆ ಲಂಕೆಯ ಸಮುದ್ರದಲ್ಲಿ ಸೆಳೆತಕ್ಕೆ ಸಿಕ್ಕಿ, ಒಬ್ಬನೇ ಈಜಿ ದಡ ಸೇರಿದ್ದೆ. ಆಗ ಈ ಮಹಾಶಯ ತೆಂಗಿನ ಮರದ ಕೆಳಗೆ ನಿದ್ದೆಯಲ್ಲಿದ್ದ! ಇಷ್ಟು ವರ್ಷ ನಾನು ಅವನೆದುರು ತಲೆಯೆತ್ತಿ ನಡೆದದ್ದು ಈ ಒಂದು ಈಜಿನ ಬಲದಿಂದ. ಹೋದ ತಿಂಗಳು ಅದಕ್ಕೂ ಕುತ್ತು ಬಂತು.

ಆ ವರ್ಷ ಕಾಲೇಜಿನಲ್ಲಿ ನನ್ನ ಅತಿಥಿ ಉಪನ್ಯಾಸಕನ ಅವಧಿ ಮುಗಿದಿತ್ತು. ಕೈಯಲ್ಲಿ ಕೆಲಸವಿಲ್ಲ, ಮನಸ್ಸಿಗೆ ನೆಮ್ಮದಿಯಿಲ್ಲ. ಗೋಕರ್ಣದಿಂದ ಹೊರಟು ಕೇರಳ ದಾಟಿ ಲಂಕೆಯವರೆಗೆ, ಬೆನ್ನಿಗೊಂದು ಬ್ಯಾಗು ಹಾಕಿಕೊಂಡು ಸಮುದ್ರ ತೀರದಲ್ಲೇ ಮೂರು ತಿಂಗಳು ಕಳೆಯೋಣ ಅಂದೆ. ಮೂರೋ ಮೂರೂವರೆಯೋ, ಈಗ ಕೇಳಬೇಡಿ. ಅವನು ಯಾಕೆ, ಹೇಗೆ, ಎಲ್ಲಿಗೆ ಅಂತ ಒಂದೂ ಕೇಳಲಿಲ್ಲ. "ಅಲ್ಲಿ ಮಲಗಾಕೆ ಜಾಗ ಇದೆಯಾ?" ಅಂದ. "ಕಣ್ಣು ಹಾಯುವಷ್ಟು ದೂರ ಮರಳು," ಅಂದೆ. "ನಡಿ," ಅಂದ.

ನಾನು ಸೊರಬದ ಬಸ್ ನಿಲ್ದಾಣದಲ್ಲಿ ಇಳಿದಾಗ ನನ್ನ ಬೆನ್ನ ಮೇಲೆ ಒಂದು ಗೋದ್ರೆಜ್ ಬೀರುವಿನಷ್ಟು ದೊಡ್ಡ ಬ್ಯಾಗಿತ್ತು. ಮಾತ್ರೆ, ಟಾರ್ಚು, ಸೊಳ್ಳೆಪರದೆ, ಎರಡೆರಡು ಚಾರ್ಜರು. ಅವನ ಬೆನ್ನಿಗೆ ಕಾಲೇಜು ದಿನಗಳ ಒಂದು ಚೀಲ, ಹೆಗಲ ಮೇಲೆ ಒಂದು ಕರಿ ಕಂಬಳಿ.

"ಸಮುದ್ರಕ್ಕೆ ಕಂಬಳಿಯೇನೋ? ಬೆಂದು ಹೋಗ್ತೀಯ!"

"ಅಪ್ಪಂದು ಕಣೋ. ಬಿಟ್ಟು ಹೋದ್ರೆ ನಿದ್ದೆ ಬರಲ್ಲ."

ತೀರಿಕೊಂಡ ಅಪ್ಪ ಹೊದೆಯುತ್ತಿದ್ದ, ತಮ್ಮದೇ ಕುರಿಯ ಉಣ್ಣೆಯ ಕಂಬಳಿ ಅದು. ಅದಕ್ಕೆ ಅವನು ಕೊಡುತ್ತಿದ್ದ ಮರ್ಯಾದೆಯಲ್ಲಿ ಕಾಲುಭಾಗ ನನಗೆ ಕೊಟ್ಟಿದ್ದರೆ ಸಾಕಿತ್ತು! ಚಪ್ಪಲಿ ಹಾಕಿಕೊಂಡು ಅದನ್ನು ತುಳಿಯುವಂತಿಲ್ಲ, ದಾಟುವಂತಿಲ್ಲ. ಗೋಕರ್ಣದಲ್ಲಿ ಒಬ್ಬ ಬಿಳಿಯ ಪ್ರವಾಸಿ ಈಜಿ ಬಂದು ಒದ್ದೆ ಕೂದಲು ಕೊಡವಿದಾಗ ಎರಡು ಹನಿ ಅದರ ಮೇಲೆ ಬಿತ್ತು. ಅದುವರೆಗೆ ಸತ್ತಂತೆ ಮಲಗಿದ್ದ ನನ್ನ ಗೆಳೆಯ ಎದ್ದು ಕೂತು, "ಏಯ್, ಉಪ್ಪು ನೀರು ಬೀಳಿಸ್ಬ್ಯಾಡ!" ಎಂದು ಅಚ್ಚ ಕನ್ನಡದಲ್ಲಿ ಗದರಿದ. ಆ ಪ್ರಾಣಿ ಸಾರಿ ಹೇಳಿ ಹತ್ತು ಮಾರು ದೂರ ಹೋಗಿ ಒರೆಸಿಕೊಂಡಿತು.

ಇನ್ನು ಅವನು ಮಲಗುವ ರೀತಿ. ಎಡಮಗ್ಗುಲು, ಎಡಮೊಣಕೈ ನೆಲಕ್ಕೆ, ಅಂಗೈ ಮೇಲೆ ತಲೆ, ಕಣ್ಣ ಮೇಲೆ ಇಳಿಬಿದ್ದ ಟವೆಲ್ಲು. ಗಂಟೆಗಟ್ಟಲೆ ಒಂದು ಕಲ್ಲಿನಷ್ಟೂ ಅಲುಗಾಟವಿಲ್ಲ. ಮೂರನೇ ದಿನ ಯೋಗ ಕಲಿಯಲು ಬಂದಿದ್ದ ಒಬ್ಬ ವಿದೇಶಿ ಹೆಂಗಸು ನನ್ನ ಹತ್ತಿರ ಬಂದು, ಇದು ಯಾವ ಆಸನ, ಇವರ ಗುರುಗಳು ಯಾರು ಎಂದು ಭಕ್ತಿಯಿಂದ ಕೇಳಿದಳು. ಅವನಿಗೆ ಹೇಳಿದೆ. "ಕುರಿ ಕಾಯೋ ಆಸನ ಅನ್ನು," ಅಂದ ಟವೆಲ್ಲಿನೊಳಗಿಂದ. ನಾನು ಓದಿದವನಲ್ಲವೇ, ಗಂಭೀರವಾಗಿ "ಮೇಷಪಾಲಾಸನ" ಎಂದು ಅನುವಾದಿಸಿದೆ. ಮರುದಿನ ಬೆಳಿಗ್ಗೆ ನೋಡಿದರೆ ಅವನ ಸುತ್ತ ಐದು ಜನ ಎಡಮಗ್ಗುಲಾಗಿ ಬಿದ್ದುಕೊಂಡಿದ್ದಾರೆ! ಪಕ್ಕದಲ್ಲೇ ದುಬಾರಿ ಚಾಪೆಯ ಮೇಲೆ ಸರಿಯಾದ ಶವಾಸನದಲ್ಲಿದ್ದ ನನ್ನನ್ನು ಒಂದು ನಾಯಿಯೂ ಮೂಸಿ ನೋಡಲಿಲ್ಲ.

ನಾನೂ ವಿಶ್ರಾಂತಿಗೆ ಪ್ರಯತ್ನಪಟ್ಟೆ, ಸ್ವಾಮಿ! ಮಲಗಿದ ಎರಡನೇ ನಿಮಿಷಕ್ಕೆ ಒಂದು ಸಂಶಯ ಏಳುತ್ತಿತ್ತು. ಮನೆಯ ಬಾಗಿಲಿಗೆ ಬೀಗ ಹಾಕಿದೆನಾ? ತಡೆಯಲಾರದೆ ಅಮ್ಮನಿಗೆ ಫೋನ್ ಮಾಡಿದೆ.

"ಅಮ್ಮಾ, ನಾನು ಬರುವಾಗ ಬಾಗ್ಲಿಗೆ ಬೀಗ ಹಾಕಿದ್ನಾ?"

"ನಾನು ಒಳಗೇ ಇದೀನಲ್ಲೋ! ಬೀಗ ಹಾಕಿದ್ರೆ ಹದಿನೈದು ದಿನದಿಂದ ಹೊರಗೆ ಹೆಂಗೆ ಓಡಾಡ್ತಿದ್ದೆ?"

ಪಕ್ಕದ ಟವೆಲ್ಲಿನೊಳಗಿಂದ ನಗು ಕೇಳಿಸಿತು. ಅಂದರೆ ಅವನು ನಿದ್ದೆಯಲ್ಲಿರಲಿಲ್ಲವೇ? ಆಗ ನನಗೆ ಈ ಪ್ರಶ್ನೆ ಹೊಳೆಯಲೇ ಇಲ್ಲ. ಸಂಶಯ ಪಡಬೇಕಾದ ಕಡೆ ಪಡದಿರುವುದೇ ನನ್ನಂಥವರ ಹಣೆಬರಹ.

ಅವನ ಇನ್ನೊಂದು ಹುಚ್ಚು ಎಣಿಕೆ. ಸಂಜೆಯಾದರೆ ಎದ್ದು ಕೂತು ಬೆರಳು ತೋರಿಸುತ್ತಾ ದಡದಲ್ಲಿದ್ದವರನ್ನೂ ನೀರಿನಲ್ಲಿದ್ದವರನ್ನೂ ಎಣಿಸುತ್ತಿದ್ದ. ದೊಡ್ಡಿಗೆ ಕುರಿ ತುಂಬುವ ಹೊತ್ತಿಗೆ ಎಣಿಸುವ ಅಭ್ಯಾಸ, ಸಮುದ್ರಕ್ಕೂ ಬಂದಿತ್ತು. ಕೇರಳದಲ್ಲಿ ಒಂದು ಸಂಜೆ, "ಹದಿನೇಳು. ಮಧ್ಯಾಹ್ನ ಹದಿನೆಂಟಿತ್ತು," ಅಂದ.

"ಯಾರೋ ರೂಮಿಗೆ ಹೋಗಿರ್ತಾರೆ. ಊಟಕ್ಕೆ ನಡಿಯೋ, ಹಸಿವು."

"ಹಳದಿ ಟೋಪಿ ಅಜ್ಜ ಕಾಣ್ತಿಲ್ಲ ಮಾರಾಯ. ಸಿಗ್ಲಿ, ಆಮೇಲೆ ಊಟ."

ಮುಕ್ಕಾಲು ಗಂಟೆ ಹುಡುಕಿದೆವು. ಅಜ್ಜ ಒಂದು ಹೋಟೆಲಿನಲ್ಲಿ ನಮಗಿಂತ ಮೊದಲೇ ಊಟಕ್ಕೆ ಕೂತು ಕೊನೆಯ ಎರಡು ಹುರಿದ ಮೀನನ್ನೂ ಮುಗಿಸಿದ್ದ!

ಇಷ್ಟಾದರೂ ಅವನು ಒಮ್ಮೆಯೂ ಸಮುದ್ರಕ್ಕೆ ಇಳಿಯಲಿಲ್ಲ. ಪಾದ ಸಹ ಒದ್ದೆ ಮಾಡಿಕೊಳ್ಳಲಿಲ್ಲ. "ಕುರಿ ಕಾಯೋನಿಗೆ ನೀರಲ್ಲೇನು ಕೆಲಸ?" ಅನ್ನುತ್ತಿದ್ದ. ಅಲ್ಲೇ ನನಗೊಂದು ದಾರಿ ಕಂಡಿತು. ಮಲಗುವುದರಲ್ಲಿ ಗೆಲ್ಲಲಾರೆ, ಈಜುವುದರಲ್ಲಾದರೂ ಗೆಲ್ಲುತ್ತೇನೆ! ಲಂಕೆಯ ದಕ್ಷಿಣ ತೀರದಲ್ಲಿ ಒಂದು ಮಧ್ಯಾಹ್ನ, ಅವನು ಕಂಬಳಿ ಹಾಸಿದ ಮೇಲೆ, ಊರ ಕೆರೆಯಲ್ಲಿ ಕಲಿತ ಈಜನ್ನು ನಂಬಿ ಬಂಡೆಗಳ ಪಕ್ಕದಿಂದ ನೀರಿಗಿಳಿದೆ.

ಮುಂದಿನದು ನನಗೆ ನೆನಪಿರುವಂತೆ ಹೀಗೆ. ಸೆಳೆತ ಬಂತು. ದಡ ದೂರವಾಯಿತು. ಬಾಯಿ, ಮೂಗಿನಲ್ಲೆಲ್ಲಾ ನೀರು. ಕಣ್ಣು ಬಿಡಲಾಗಲಿಲ್ಲ. ಕೈಗೆ ಒರಟಾದದ್ದೇನೋ ಸಿಕ್ಕಿಕೊಂಡಿತು, ಸಮುದ್ರದ ಪಾಚಿ ಇರಬೇಕು. ಅದನ್ನು ಬಿಡದೆ ಹಿಡಿದು ಕಾಲು ಬಡಿದೆ. ಆಮೇಲೆ ಕಾಲಿಗೆ ಮರಳು ತಾಗಿತು. ಬಿದ್ದೆ. ಕಣ್ಣು ಬಿಟ್ಟಾಗ ಅವನು ಪಕ್ಕದಲ್ಲಿ ಕೂತಿದ್ದ. ನಾನು ಮೊದಲು ಆಡಿದ ಮಾತು, "ನೋಡಿದ್ಯಾ? ಒಬ್ನೇ ಈಜಿ ಬಂದೆ!"

ಅವನು ಟವೆಲ್ಲಿನಿಂದ ನನ್ನ ಮುಖ ಒರೆಸಿದ. "ಹೌದಾ? ನಂಗೆ ನಿದ್ದೆ ಹತ್ತಿತ್ತು," ಅಂದ.

ಕಂಬಳಿಯ ಅರ್ಧ ತೊಯ್ದು ನೀರಿಳಿಯುತ್ತಿತ್ತು. ಏನಾಯ್ತೋ ಅಂದೆ. "ಎಳನೀರು ಚೆಲ್ಲಿತು," ಅಂದ. ದೇವರನ್ನೂ, ಚರಿತ್ರೆಯನ್ನೂ, ನನ್ನ ಹಲ್ಲುಜ್ಜುವ ಬ್ರಷ್ಷನ್ನೂ ಸಂಶಯದಿಂದ ನೋಡುವ ನಾನು, ಒಂದು ಎಳನೀರಿಗೆ ಅರ್ಧ ಕಂಬಳಿ ತೊಯ್ಯುತ್ತದೆ ಎಂಬುದನ್ನು ಒಪ್ಪಿಕೊಂಡುಬಿಟ್ಟೆ!

ಅಲ್ಲಿಂದ ನಾಲ್ಕು ವರ್ಷ ಆ ಈಜನ್ನು ಶಿಕಾರಿಪುರದ ಟೀ ಅಂಗಡಿಯಲ್ಲಿ, ಮದುವೆ ಮನೆಗಳಲ್ಲಿ, ಮತ್ತೆ ಸಿಕ್ಕ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಹೇಳಿದ್ದೇನೆ. ಮೊದಲು ಐವತ್ತು ಮಾರಿದ್ದ ದೂರ ಈಚೆಗೆ ಇನ್ನೂರಾಗಿತ್ತು. ಅವನೂ ಎದುರಿದ್ದರೆ, "ಇವನನ್ನೇ ಕೇಳಿ," ಅನ್ನುತ್ತಿದ್ದೆ. ಅವನು ಟೀ ಊದುತ್ತಾ, "ಹೂಂ ರೀ, ಒಬ್ನೇ ಬಂದ," ಅನ್ನುತ್ತಿದ್ದ.

ಹೋದ ತಿಂಗಳು ಒಂದು ಭಾನುವಾರ ಹೊಸಬಾಳೆಗೆ ಹೋದೆ. ಅಂಗಳದ ಬಿದಿರು ಗಳುವಿನ ಮೇಲೆ ಅದೇ ಕಂಬಳಿ ಬಿಸಿಲಿಗೆ ಬಿದ್ದಿತ್ತು. ಮೂರ್ನಾಲ್ಕು ಕುರಿಗಳು ಅದರ ಒಂದು ತುದಿಯನ್ನು, ಬರೀ ಒಂದು ತುದಿಯನ್ನು, ಪೈಪೋಟಿಯ ಮೇಲೆ ನೆಕ್ಕುತ್ತಿದ್ದವು. ಅವನ ಅವ್ವ ಕೋಲು ಹಿಡಿದು ಓಡಿಬಂದರು.

"ಹಚಾ! ನೋಡಪ್ಪಾ, ನೀವು ಆ ಸಮುದ್ರಕ್ಕೆ ಹೋಗಿ ಬಂದಾಗಿಂದ ಇದೇ ಗೋಳು. ಆ ತುದೀಲಿ ಉಪ್ಪು ಕೂತದೆ. ತೊಳಿತೀನಿ ಅಂದ್ರೆ ಇವ್ನು ಮುಟ್ಟಾಕೇ ಬಿಡಲ್ಲ."

ಎಳನೀರಿನಲ್ಲಿ ಉಪ್ಪೇ? ನಾನು ಹೋಗಿ ಆ ತುದಿಯನ್ನು ಮುಟ್ಟಿದೆ. ಬಿರುಸಾಗಿತ್ತು. ಹಿಡಿದೆ, ಬಿಗಿಯಾಗಿ ಹಿಡಿದೆ. ನನ್ನ ನೆನಪಿನ ಮೇಲೆ ನನಗೆ ನಂಬಿಕೆಯಿಲ್ಲ ಎಂದೆನಲ್ಲ, ನನ್ನ ಅಂಗೈಗೆ ಅಂಥ ಸಂಶಯವೇನೂ ಇರಲಿಲ್ಲ. ಅದು ಪಾಚಿಯಲ್ಲ.

ಅವನು ಜಗಲಿಯ ಮೇಲೆ ಎಡಮಗ್ಗುಲಾಗಿದ್ದ.

"ಎಳನೀರು ಅಂದಿದ್ದೆಯಲ್ಲೋ?"

"ಎಳನೀರೇ."

"ಕುರಿ ಎಳನೀರು ನೆಕ್ತಾವಾ?"

"ಅವಕ್ಕೇನು ಗೊತ್ತು? ನಿನ್ನಷ್ಟು ಓದಿಲ್ಲ ಅವು."

"ನಿಜ ಹೇಳೋ."

ಅವನು ಟವೆಲ್ಲು ತೆಗೆಯಲಿಲ್ಲ. "ಎಣಿಸ್ದೆ, ಒಂದು ಕಮ್ಮಿ ಬಂತು," ಅಂದ. "ಬಂಡೆ ಮೇಲೆ ಓಡಿ ಕಂಬಳಿ ಬೀಸ್ದೆ. ನೀನು ಹಿಡ್ಕೊಂಡೆ, ಬಂಡೆಗುಂಟ ಮರಳಿನ ತನಕ ಎಳ್ದೆ. ಹಿಡ್ಕೊಂಡಿದ್ದು ನೀನೇ ತಾನೆ? ಮತ್ತೆ ಒಬ್ನೇ ಬಂದಂಗೇ ಆಯ್ತು."

"ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ?"

"ಆವತ್ತು ಎಷ್ಟು ಖುಷಿಯಾಗಿದ್ದೆ ನೀನು! ಮೂರು ತಿಂಗಳಲ್ಲಿ ಅದೊಂದೇ ದಿನ."

ನನ್ನ ಇನ್ನೂರು ಮಾರು ಈಜು ಅಲ್ಲಿಗೆ ಮುಗಿಯಿತು. ಎರಡು ಹನಿಗೆ ಜಗಳಕ್ಕೆ ನಿಂತವನು ಅಪ್ಪನ ಕಂಬಳಿಯನ್ನು ಸಮುದ್ರಕ್ಕೆ ಬೀಸಿದ್ದ. ನಾನು ಅಸೂಯೆಪಟ್ಟ ಆ ನಿದ್ದೆಯೆಲ್ಲಾ ನಿದ್ದೆಯೇ ಅಲ್ಲ, ನನ್ನನ್ನು ಕಾಯುವ ಕೆಲಸ. ಹಾಗಾದರೆ ಹೊಟ್ಟೆಕಿಚ್ಚು ಇಳಿಯಿತೇ? ಎಲ್ಲಿಯದು, ಇಮ್ಮಡಿಯಾಯಿತು! ನಾಲ್ಕು ವರ್ಷ ಬಾಯಿ ಮುಚ್ಚಿಕೊಂಡಿದ್ದನಲ್ಲ. ನನಗೆ ನಾಲ್ಕು ವಾರ ಆಗಲಿಲ್ಲ, ನಿಮಗೆ ಹೇಳುತ್ತಿದ್ದೇನೆ.

ಸಂಜೆ ಅವನು ದೊಡ್ಡಿಯ ಬಾಗಿಲಲ್ಲಿ ನಿಂತು ಒಳಹೋಗುವ ಕುರಿಗಳನ್ನು ಎಣಿಸತೊಡಗಿದ. ನಾನು ಗಳುವಿನಿಂದ ಕಂಬಳಿ ಇಳಿಸಿ ಜಗಲಿಯ ಮೇಲೆ ಹಾಸಿ, ಚಪ್ಪಲಿ ಬಿಟ್ಟು, ಎಡಮಗ್ಗುಲಾದೆ. ಕೊನೆಯ ಕುರಿ ಒಳಗೆ ಹೋದ ಮೇಲೆ ಅವನು ಈ ಕಡೆ ತಿರುಗಿ ನನ್ನತ್ತ ಒಂದು ಬೆರಳು ತೋರಿಸಿದ್ದು ಕಂಡಿತು. ಎರಡನೇ ನಿಮಿಷಕ್ಕೆ ಏನಾದರೂ ಸಂಶಯ ಎದ್ದಿತೋ ಇಲ್ಲವೋ, ಎಷ್ಟು ಹೊತ್ತು ಮಲಗಿದ್ದೆನೋ ನೆನಪಿಲ್ಲ. ಯಾರನ್ನೂ ಕೇಳಿಲ್ಲ.