ಹತ್ತೂವರೆಗೆ ಹತ್ತಿದ ಇಂಜಿನ್

ಮೂವತ್ತೆರಡು ಮೇಷ್ಟ್ರುಗಳು, ಹದಿನೆಂಟು ತರಗತಿಗಳು, ದಿನಕ್ಕೆ ಎಂಟು ಪೀರಿಯಡ್ಡುಗಳು! ಇಷ್ಟನ್ನೂ ಒಂದೇ ಹಾಳೆಯಲ್ಲಿ, ಯಾರೂ ಯಾರಿಗೂ ಡಿಕ್ಕಿ ಹೊಡೆಯದ ಹಾಗೆ ಕೂರಿಸಬಲ್ಲ ಮಹಾಪುರುಷ ನಮ್ಮ ಶಾಲೆಯಲ್ಲಿ ಒಬ್ಬನೇ ಇದ್ದಾನೆ. ಅದು ನಾನು. ಹನ್ನೊಂದು ವರ್ಷದಿಂದ ವೇಳಾಪಟ್ಟಿ ಹಾಕುತ್ತಿರುವ ನನಗೆ ಮೂರು ಜನರ ಎರಡು ದಿನದ ಪ್ರವಾಸ ಯಾವ ಮೂಲೆಗೆ? "ಈ ವಿಷಯದಲ್ಲಿ ಯಾರೂ ತಲೆ ಹಾಕಬೇಡಿ. ನಿಮಿಷ ನಿಮಿಷಕ್ಕೂ ಯೋಜನೆ ಹಾಕಿ ಕೈಗೆ ಕೊಡ್ತೀನಿ!" ಎಂದು ಊಟದ ಮೇಜಿನೆದುರು ಎದೆ ತಟ್ಟಿಕೊಂಡು ಘೋಷಿಸಿದೆ.

"ಹಾಕಲ್ಲ ಬಿಡಿ. ಆಮೇಲೆ ಚಚ್ಚಿಕೊಳ್ಳೋದಕ್ಕೆ ತಲೆ ಬೇಕಾಗುತ್ತೆ," ಎಂದಳು ನನ್ನವಳು.

ಪ್ರವಾಸ ಹೊರಟಿದ್ದು ಮಾವನವರಿಗಾಗಿ. ಅವರು ರೈಲು ಡ್ರೈವರ್ ಆಗಿದ್ದವರು. ಇಪ್ಪತ್ತೆರಡು ವರ್ಷ ಒಂದೇ ಉಗಿ ಇಂಜಿನ್ ಓಡಿಸಿದರು. ಅದರ ಕೊನೆಯ ಓಟದ ದಿನ ಮಾತ್ರ ಜ್ವರ ಹತ್ತಿ ಆಸ್ಪತ್ರೆಯಲ್ಲಿ ಮಲಗಿದ್ದರು. ಬೇರೆ ಯಾರೋ ಹತ್ತಿ ಕಡೇ ಸೀಟಿ ಊದಿದರು. ಆ ಸೀಟಿಯೊಂದು ಮಾವನವರ ಗಂಟಲಲ್ಲಿ ಮುಳ್ಳಿನ ಹಾಗೆ ಕೂತುಬಿಟ್ಟಿತ್ತು. ಈಗ ಆ ಇಂಜಿನ್ ಒಂದು ರೈಲ್ವೆ ಮ್ಯೂಸಿಯಮ್ಮಿನ ಅಂಗಳದಲ್ಲಿದೆ. ತಿಂಗಳಿಗೊಮ್ಮೆ ಬೆಂಕಿ ಹಾಕಿ, ಉಗಿ ಏರಿಸಿ, ಹಳೇ ಡ್ರೈವರುಗಳ ಕೈಗೆ ಸೀಟಿಯ ಹಗ್ಗ ಕೊಡುತ್ತಾರೆ. ಬಾಯ್ಲರಿಗೆ ವಯಸ್ಸಾಗಿರುವುದರಿಂದ ಈ ಭಾನುವಾರದ ಬೆಂಕಿಯೇ ಕಡೆಯದು ಎಂದು ಪತ್ರಿಕೆಯಲ್ಲಿ ಬಂದಿತ್ತು. ಅದನ್ನು ಓದಿದ ದಿನದಿಂದ ಮಾವನವರು ಬಲಗೈ ಮೇಲಕ್ಕೆತ್ತಿ ಗಾಳಿಯಲ್ಲಿ ಏನನ್ನೋ ಎಳೆಯುತ್ತ ಮನೆ ತುಂಬ ಓಡಾಡುತ್ತಿದ್ದರು.

ಒಂದು ಇಂಜಿನ್ ನೋಡಿ ವಾಪಸ್ ಬಂದರೆ ಅದೂ ಒಂದು ಪ್ರವಾಸವೇ? ನಾನು ಅಷ್ಟಕ್ಕೇ ಬಿಡುವ ಆಸಾಮಿಯೇ? ಮೂರು ರೈಲ್ವೆ ಮ್ಯೂಸಿಯಂ, ಕಬ್ಬಿಣದ ಸೇತುವೆ, ಗಡಿಯಾರ ಗೋಪುರ, ಗ್ರಂಥಾಲಯವಾಗಿ ಬದಲಾದ ಹಳೇ ಸ್ಟೇಷನ್, ಎಲ್ಲವನ್ನೂ ತುರುಕಿದೆ. ಮೂರು ಬಣ್ಣದ ಪೆನ್ನಿನಲ್ಲಿ ಬರೆದೆ: "೯.೩೦ರಿಂದ ೧೦.೧೫: ಗಡಿಯಾರ ಗೋಪುರ, ಬೆರಗಾಗುವುದು. ೧೦.೩೦: ಮಾವನವರು ಸೀಟಿ ಊದುವುದು. ೧೦.೩೫ರಿಂದ ೧೦.೪೦: ಆನಂದಬಾಷ್ಪ."

"ಐದೇ ನಿಮಿಷಾನಾ? ನಮ್ಮಪ್ಪ ಅಳೋದು ನಿಧಾನ ರೀ."

"ಸೇತುವೆಯಲ್ಲಿ ಎರಡು ನಿಮಿಷ ಕಡಿಮೆ ಮಾಡಿ ಇಲ್ಲಿಗೆ ಸೇರಿಸ್ತೀನಿ ಬಿಡು," ಎಂದೆ ಉದಾರವಾಗಿ.

ಆ ಹತ್ತೂವರೆ ಎಲ್ಲಿಂದ ಬಂತು ಅನ್ನುತ್ತೀರಾ? ಅಲ್ಲೇ ಇರುವುದು ನನ್ನ ಪ್ರಾರಬ್ಧ! ಮ್ಯೂಸಿಯಮ್ಮಿಗೆ ಫೋನ್ ಮಾಡಿದ್ದು ಅಡುಗೆಮನೆಯ ಬಾಗಿಲಲ್ಲಿ ನಿಂತು. "ಸೀಟಿ ಊದೋದಕ್ಕೆ ಯಾವಾಗ ಬರಬೇಕು?" ಎಂದು ಕೇಳಿದೆ. ಆ ಕಡೆಯವರು "ಬೆಳಿಗ್ಗೆ ಹತ್ತ..." ಎನ್ನುವಷ್ಟರಲ್ಲಿ ನಮ್ಮ ಕುಕ್ಕರ್ ಕೂಗಿತು. "...ವರೆಗೆ ಸಾರ್" ಎಂಬ ಬಾಲ ಮಾತ್ರ ಕಿವಿಗೆ ಬಿತ್ತು.

"ಹತ್ತರವರೆಗಾ, ಹತ್ತೂವರೆಗಾ? ಇನ್ನೊಂದ್ಸಲ ಕೇಳಿ," ಎಂದಳು ಇವಳು.

"ಹತ್ತೂವರೆಗೇ! ಹತ್ತರವರೆಗೂ ಊದ್ತಾನೇ ಇರೋದಕ್ಕೆ ಅದೇನು ನಿನ್ನ ಕುಕ್ಕರ್ರಾ?" ಎಂದು ಫೋನ್ ಇಟ್ಟೆ. ಆ ಇನ್ನೊಂದ್ಸಲ ಕೇಳಿದ್ದರೆ ನನ್ನ ಗಂಟೇನು ಹೋಗುತ್ತಿತ್ತು? ಏನೂ ಇಲ್ಲ. ಆದರೆ ವೇಳಾಪಟ್ಟಿ ಹಾಕುವವನು ಎರಡು ಸಲ ಕೇಳಿದರೆ ಮರ್ಯಾದೆ ಏನು ಉಳಿಯುತ್ತೆ, ಅಲ್ಲವೇ?

ಭಾನುವಾರ ಒಂಬತ್ತೂ ಮುಕ್ಕಾಲಿಗೆ ನಾವು ಗಡಿಯಾರ ಗೋಪುರದ ಕೆಳಗೆ ಶಿಸ್ತಾಗಿ ಬೆರಗಾಗುತ್ತಿದ್ದೆವು. ಮ್ಯೂಸಿಯಂ ಅಲ್ಲಿಂದ ಹತ್ತು ನಿಮಿಷದ ನಡಿಗೆ. ಮಾವನವರು ಹಳೇ ಡ್ಯೂಟಿ ಕೋಟು ಹಾಕಿಕೊಂಡಿದ್ದರು. ಗುಂಡಿ ಹಾಕಲು ಬಾರದಷ್ಟು ಬಿಗಿಯಾಗಿದ್ದರೂ ಬಿಚ್ಚಲು ಒಪ್ಪಿರಲಿಲ್ಲ. ಇದ್ದಕ್ಕಿದ್ದಂತೆ ದೂರದಲ್ಲಿ "ಕೂ...!" ಎಂದಿತು. ಮಾವನವರ ಮುಖ ಬಿಳುಚಿತು.

"ಅಳಿಯಂದ್ರೇ, ಅದು ನನ್ನ ಇಂಜಿನ್ನು! ಹೋಗೋಣ ನಡೀರಿ."

"ಅದು ಪ್ರಾಕ್ಟೀಸ್ ಇರಬೇಕು ಮಾವ. ನಮಗಿನ್ನೂ ಅರ್ಧ ಗಂಟೆ ಬೆರಗಾಗೋದು ಬಾಕಿ ಇದೆ."

"ಇಪ್ಪತ್ತೆರಡು ವರ್ಷ ಊದಿದೀನಿ, ನನಗೆ ಗೊತ್ತಾಗಲ್ವೇನ್ರಿ?"

"ಪಟ್ಟಿಯಲ್ಲಿ ಹತ್ತೂವರೆ ಅಂತಿದೆ ಮಾವ!" ಎಂದೆ. ಆ ಸಜ್ಜನರು ಎತ್ತಿದ ಹೆಜ್ಜೆ ಹಿಂದಕ್ಕಿಟ್ಟರು. ಸಿಗ್ನಲ್ ಕೆಂಪಿದ್ದಾಗ ಗಾಡಿ ದಾಟಿಸಿದವರೇ ಅಲ್ಲ ಅವರು. ಮತ್ತೆ ಎರಡು ಸಲ ಕೂಗು ಕೇಳಿಸಿತು. ಮತ್ತೆ ಎರಡು ಸಲವೂ ಅವರು ನನ್ನ ಮುಖ ನೋಡಿದರು. ಆ ನೋಟ ನೆನೆಸಿಕೊಂಡರೆ ಈಗಲೂ ಅನ್ನ ಗಂಟಲಲ್ಲಿ ಇಳಿಯುವುದಿಲ್ಲ.

ಹತ್ತೂ ಇಪ್ಪತ್ತೇಳಕ್ಕೆ, ಅಂದರೆ ಮೂರು ನಿಮಿಷ ಮುಂಚೆಯೇ, ಮ್ಯೂಸಿಯಂ ಗೇಟು ಹೊಕ್ಕೆವು. ಅಂಗಳ ಖಾಲಿ! ಇಂಜಿನ್ನಿನ ಕೆಳಗಿಂದ ಒಬ್ಬ ಮೇಲ್ವಿಚಾರಕರು ಬಕೆಟ್ಟಿಗೆ ಬೂದಿ ಎಳೆದು ಹಾಕುತ್ತಿದ್ದರು. ಹತ್ತೂವರೆಯ ಸೀಟಿಗೆ ಬಂದಿದ್ದೇವೆ ಎಂದೆ.

"ಫೋನಲ್ಲೇ ಹೇಳಿದ್ನಲ್ಲ ಸಾರ್, ಹತ್ತರವರೆಗೆ ಅಂತ!"

ಹತ್ತರೊಳಗೆ ಹತ್ತಬೇಕಾಗಿದ್ದವರು ನಾವು. ಹತ್ತಿದ್ದ ಬೆಂಕಿ ಹತ್ತಕ್ಕೇ ಆರಿಹೋಗಿತ್ತು! ಇವಳು ನನಗೆ ಏನೂ ಅನ್ನಲಿಲ್ಲ. ಮದುವೆಯಾದ ಹದಿನಾರು ವರ್ಷದಲ್ಲಿ ನಾನು ಅಷ್ಟು ಹೆದರಿದ್ದು ಅದೇ ಮೊದಲು. ಮಾವನವರು ಇಂಜಿನ್ನಿನ ಚಕ್ರಕ್ಕೆ ಕೈಯಿಟ್ಟು ನಿಂತರು. "ಇನ್ನೂ ಬೆಚ್ಚಗಿದೆ," ಎಂದರು ಅಷ್ಟೇ. ಮೂವತ್ತೆರಡು ಮೇಷ್ಟ್ರುಗಳೂ ಸಾಲಾಗಿ ಬಂದು ನನ್ನ ಕೆನ್ನೆಗೆ ಬಾರಿಸಬಾರದೇ ಅನ್ನಿಸಿತು.

ಮೇಲ್ವಿಚಾರಕರು ಆ ಬಿಗಿಯಾದ ಕೋಟು ನೋಡಿದರು. ಏನು ತಿಳಿಯಿತೋ, ಮೇಲೆ ಹತ್ತಿ ಉಗಿಯ ಒತ್ತಡ ತೋರಿಸುವ ಮುಳ್ಳಿನ ಮಾಪಕವನ್ನು ಇಣುಕಿ ಬಂದರು. "ಸ್ವಲ್ಪ ಉಗಿ ಉಳಿದಿದೆ ಯಜಮಾನ್ರೇ. ಒಂದು ಸೀಟಿಗೆ ಸಾಲುತ್ತೆ. ಬೇಗ ಹತ್ತಿ!"

ಹೋದ ಜೀವ ಬಂತು! ಇನ್ನು ತಡ ಮಾಡಬಾರದು. ಮಾವನವರಿಗೆ ಮೇಲಿಂದ ಕೈ ಕೊಟ್ಟು ಎಳೆದುಕೊಳ್ಳೋಣವೆಂದು ನಾನೇ ಮೊದಲು ನುಗ್ಗಿದೆ. ಮೆಟ್ಟಿಲು ಎಣ್ಣೆಯಾಗಿತ್ತು. ಕಾಲು ಜಾರಿತು. ಮೇಲೆ ಕೈಗೆ ಸಿಕ್ಕಿದ್ದನ್ನು ಹಿಡಿದೆ.

"ಕೂ!"

ಹೌದು, ಅದೇ ಹಗ್ಗ! ಬೆಚ್ಚಿಬಿದ್ದು ಬಿಟ್ಟೆ, ಇನ್ನೊಂದು ಕಾಲೂ ಜಾರಿತು, ಮತ್ತೆ ಹಿಡಿದೆ. "ಕೂ!" ಬಿಡೋಣವೆಂದರೆ ಕೈಗಡಿಯಾರದ ಪಟ್ಟಿ ಹಗ್ಗಕ್ಕೆ ಸಿಕ್ಕಿಕೊಂಡಿತ್ತು. ಕಿತ್ತೆ. "ಕೂ! ಉಸ್ಸ್..."

ಮುಳ್ಳು ಸೊನ್ನೆಗೆ ಬಂದು ಕೂತಿತು.

ಮೇಲ್ವಿಚಾರಕರು ಮಾವನವರನ್ನು ಜೋಪಾನವಾಗಿ ಹತ್ತಿಸಿದರು. ಅವರು ತಮ್ಮ ಹಳೇ ಜಾಗದಲ್ಲಿ ನಿಂತು, ಕೋಟು ಎಳೆದು ಸರಿಮಾಡಿಕೊಂಡು, ಬಲಗೈ ಎತ್ತಿ ಹಗ್ಗ ಎಳೆದರು. ಏನೂ ಇಲ್ಲ. ಇನ್ನೊಮ್ಮೆ ಎಳೆದರು. ಹಗ್ಗ ಕಿರ್ರೆಂದಿತು, ಅಷ್ಟೇ. ನಾನು ಮೂಲೆಯಲ್ಲಿ ಕಲ್ಲಿದ್ದಲ ಸಲಿಕೆಯ ಪಕ್ಕ ಕುಸಿದು ಕೂತೆ. ಆ ಮುದುಕರ ಇಡೀ ಬಾಳಿಗೆ ಉಳಿದಿದ್ದ ಒಂದೇ ಒಂದು ಸೀಟಿಯನ್ನು ನಾನು ಊದಿ ಮುಗಿಸಿದ್ದೆ!

"ಮಾವ, ನನ್ನನ್ನ ಕ್ಷಮಿಸಬೇಡಿ."

ಅವರು ಹಗ್ಗವನ್ನು ಮೆಲ್ಲಗೆ ಕೈಬಿಟ್ಟರು. ಆಮೇಲೆ ನನ್ನ ಕಡೆ ತಿರುಗಿದರು.

"ಮೂರು ಸಣ್ಣ ಸೀಟಿ ಊದಿದ್ರಿ ಅಳಿಯಂದ್ರೇ. ಅದರ ಅರ್ಥ ಗೊತ್ತೇನು?"

"ಇಲ್ಲ ಮಾವ."

"ಗಾಡಿ ನನ್ನ ಹತೋಟಿ ತಪ್ಪಿದೆ, ಹಿಂದಿರೋ ಗಾರ್ಡು ಕೂಡಲೇ ಬ್ರೇಕ್ ಹಾಕಲಿ ಅಂತ. ನನ್ನ ಇಡೀ ಸರ್ವಿಸ್‌ನಲ್ಲಿ ಒಂದು ದಿನಾನೂ ಅದನ್ನ ಊದೋ ಗತಿ ಬರಲಿಲ್ಲ ನನಗೆ. ಪಾಪ, ಗಾರ್ಡಿಗೆ ಕೇಳಿಸಿತೋ ಇಲ್ವೋ!"

ಕೆಳಗೆ ಹಳಿಯ ಮೇಲೆ ಸೊಂಟಕ್ಕೆ ಕೈಯಿಟ್ಟು ನಿಂತಿದ್ದ ಅವರ ಮಗಳು ಆಗ ಬಾಯಿಬಿಟ್ಟಳು.

"ಹದಿನಾರು ವರ್ಷದಿಂದ ಕೇಳಿಸ್ತಾನೇ ಇದೆ ಅಪ್ಪಾ!"